ಲಿಂಕನ್ ಔತಣದಲ್ಲಿ ಐದು ನಿಮಿಷ ಮಾತಾಡಬೇಕು, ಏನು ಹೇಳಲಿ?

ತುಂಗಾತೀರ · ಜನವರಿ 24

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಹದಿನಾಲ್ಕು ವರ್ಷದಿಂದ ಅಮೆರಿಕದ ಇಲಿನಾಯ್ ರಾಜ್ಯದ ಒಂದು ಸಣ್ಣ ಊರಲ್ಲಿದ್ದೇನೆ. ಅಬ್ರಹಾಂ ಲಿಂಕನ್ ವಕೀಲಿಕೆ ಮಾಡಿಕೊಂಡಿದ್ದ ಸ್ಪ್ರಿಂಗ್‌ಫೀಲ್ಡ್ ನಮ್ಮ ಮನೆಯಿಂದ ಕಾರಲ್ಲಿ ಮುಕ್ಕಾಲು ಗಂಟೆ ದಾರಿ. ಫೆಬ್ರವರಿ 12 ಅವರ ಹುಟ್ಟಿದ ದಿನ. ಆ ದಿನ ಈ ರಾಜ್ಯದಲ್ಲಿ ಸರ್ಕಾರಿ ರಜೆ. ನಮ್ಮೂರಿನ ನಾಗರಿಕ ಸಂಘವೊಂದು ಅವತ್ತು ರಾತ್ರಿ ಔತಣ ಇಡುತ್ತದೆ. ಅದು ಯಾವ ಪಕ್ಷದ್ದೂ ಅಲ್ಲ. ಊಟ ಆದಮೇಲೆ ಭಾಷಣಗಳಿರುತ್ತವೆ. ಬೇರೆ ದೇಶದಿಂದ ಬಂದು ಇಲ್ಲಿ ನೆಲೆಸಿದ ಒಬ್ಬರಿಗೆ ಪ್ರತಿವರ್ಷ ಐದು ನಿಮಿಷ ಕೊಡುತ್ತಾರೆ. ಈ ಸಲ ನನ್ನನ್ನು ಕೇಳಿದ್ದಾರೆ.

ಹಿಂದೆ ಎರಡು ಸಲ ಈ ಊಟಕ್ಕೆ ಹೋಗಿದ್ದೇನೆ. ಎರಡೂ ಸಲ ಕೇಳಿದ್ದು ಒಂದೇ ಮಾತು. ಮರದ ದಿಮ್ಮಿಯ ಗುಡಿಸಲಲ್ಲಿ ಹುಟ್ಟಿದ, ಒಲೆಯ ಬೆಳಕಲ್ಲಿ ಓದಿದ, ಪ್ರಾಮಾಣಿಕನಾಗಿದ್ದ, ಗುಲಾಮರನ್ನು ಬಿಡಿಸಿದ. ಆಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ. ನಮ್ಮ ಶಾಲೆಯ ಅಕ್ಟೋಬರ್ 2ರ ಬೆಳಗು ನೆನಪಾಯಿತು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೂ ಮನಸ್ಸಿಗೆ ಏನೂ ಹತ್ತಲಿಲ್ಲ.

ಎಂಟನೇ ಕ್ಲಾಸಿನಲ್ಲಿ ನಾನು ಬಾಯಿಪಾಠ ಮಾಡಿದ್ದ, ಲಿಂಕನ್ ತಮ್ಮ ಮಗನ ಶಿಕ್ಷಕರಿಗೆ ಬರೆದ ಪತ್ರವನ್ನು ಓದಿಬಿಡಲೇ ಎಂದು ಯೋಚಿಸುತ್ತಿದ್ದೇನೆ. ಕರ್ನಾಟಕದ ಶಾಲೆಯಲ್ಲಿ ಲಿಂಕನ್ ಹೇಗೆ ಬಂದರು ಅಂತ ಹೇಳಿದ ಹಾಗೂ ಆಗುತ್ತದೆ. ನಿಮಗೇನನಿಸುತ್ತದೆ?

ಸಾಗರದ ಮೇಷ್ಟ್ರು · ಜನವರಿ 24

ಖಂಡಿತ ಓದಿ ತಾಯಿ. ಇಪ್ಪತ್ತೆರಡು ವರ್ಷ ಪ್ರತಿ ಸೆಪ್ಟೆಂಬರ್ 5ಕ್ಕೆ ನಾನು ಆ ಪತ್ರವನ್ನು ಮಕ್ಕಳ ಮುಂದೆ ಓದಿದ್ದೇನೆ. ನಮ್ಮ ಶಾಲೆಯ ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಹಾಕಿದ್ದೇವೆ. ಗೆಲುವನ್ನು ಅನುಭವಿಸುವುದನ್ನೂ ಸೋಲನ್ನು ತಾಳಿಕೊಳ್ಳುವುದನ್ನೂ ಕಲಿಸಿ ಎಂದು ಒಬ್ಬ ತಂದೆ ಕೇಳಿಕೊಳ್ಳುವ ಆ ಜಾಗಕ್ಕೆ ಬಂದಾಗ ಈಗಲೂ ಗಂಟಲು ಕಟ್ಟುತ್ತದೆ. ಲಿಂಕನ್ನರ ದೇಶದಲ್ಲೇ ಕನ್ನಡದ ಹೆಣ್ಣುಮಗಳು ಅದನ್ನು ಓದುವುದೆಂದರೆ ಇನ್ನೇನು ಬೇಕು.

ಜೋಳದ ಬಯಲು · ಜನವರಿ 25

ಮೇಷ್ಟ್ರೇ, ನಿಮ್ಮ ಮನಸ್ಸು ನೋಯುತ್ತದೆ ಎಂದು ಗೊತ್ತಿದ್ದೂ ಹೇಳಬೇಕಾಗಿದೆ. ಆ ಪತ್ರ ಲಿಂಕನ್ನರದಲ್ಲ. ನಾನು ಶಿಕಾಗೋ ಹತ್ತಿರ ಮೂವತ್ತು ವರ್ಷದಿಂದ ಇದ್ದೇನೆ, ಲಿಂಕನ್ ಓದುವುದು ಒಂದು ಹುಚ್ಚು. ಅವರ ಬರಹ, ಭಾಷಣ, ಪತ್ರಗಳನ್ನೆಲ್ಲ ಒಟ್ಟು ಮಾಡಿದ ದೊಡ್ಡ ಸಂಪುಟಗಳು 1953ರಿಂದ 1955ರ ನಡುವೆ ಅಚ್ಚಾದವು. ಒಂದೆರಡು ಸಾಲಿನ ಚೀಟಿಗಳನ್ನೂ ಸೇರಿಸಿದ್ದಾರೆ. ಅದರಲ್ಲಿ ಈ ಪತ್ರ ಇಲ್ಲ. ಮೂಲ ಪ್ರತಿಯೂ ಎಲ್ಲೂ ಇಲ್ಲ.

ಮಕ್ಕಳ ಕಥೆಯೂ ಆ ಪತ್ರಕ್ಕೆ ಹೊಂದುವುದಿಲ್ಲ. ನಾಲ್ವರು ಗಂಡುಮಕ್ಕಳು. ಎಡ್ಡಿ 1850ರಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲೇ ತೀರಿಕೊಂಡ. ವಿಲ್ಲಿ 1862ರ ಫೆಬ್ರವರಿಯಲ್ಲಿ ಶ್ವೇತಭವನದಲ್ಲಿ ಜ್ವರ ಬಂದು ಹೋದ. ಕಿರಿಯವನಾದ ಟ್ಯಾಡ್ ತಂದೆ ಇರುವವರೆಗೂ ಸರಿಯಾಗಿ ಶಾಲೆಗೆ ಹೋದವನೇ ಅಲ್ಲ.

ಆದರೆ ಒಂದು ನಿಜವಾದ ಪತ್ರ ಇದೆ, ಮೇಷ್ಟ್ರೇ. ಅದು ನಿಮಗೆ ಇನ್ನೂ ಹಿಡಿಸುತ್ತದೆ. ಹಿರಿಯ ಮಗ ರಾಬರ್ಟ್‌ಗೆ ಜಾರ್ಜ್ ಲೇಥಮ್ ಅಂತ ಒಬ್ಬ ಗೆಳೆಯ. 1860ರಲ್ಲಿ ಹಾರ್ವರ್ಡ್ ಪ್ರವೇಶ ಪರೀಕ್ಷೆಯಲ್ಲಿ ಅವನು ಫೇಲಾದ. ಲಿಂಕನ್ ಆಗ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿ, ಇಡೀ ದೇಶ ಅವರ ಮನೆ ಬಾಗಿಲಲ್ಲಿತ್ತು. ಅಂಥ ಹೊತ್ತಲ್ಲಿ, ಜುಲೈ 22ರಂದು, ಕೂತು ಆ ಹುಡುಗನಿಗೆ ಕಾಗದ ಬರೆದರು. ನೀನು ಫೇಲಾದೆ ಎಂದು ಕೇಳಿದಾಗ ಆದಷ್ಟು ನೋವು ನನಗೆ ಜೀವನದಲ್ಲಿ ಆಗಿದ್ದು ಕಡಿಮೆ ಎನ್ನುತ್ತಾರೆ. ಸೋಲಬಾರದೆಂದು ಗಟ್ಟಿ ಮನಸ್ಸು ಮಾಡಿದರೆ ನೀನು ಸೋಲಲಾರೆ ಎನ್ನುತ್ತಾರೆ. ಸುಲಭವಾಗಿ ಕಾಲೇಜು ಸೇರಿದ ಎಷ್ಟೋ ಜನರಿಗಿಂತ ನೀನು ಮುಂದೆ ದೊಡ್ಡ ವಿದ್ವಾಂಸನಾಗಬಾರದೆಂದು ಈ ಸೋಲೇನೂ ಹೇಳುವುದಿಲ್ಲ ಎನ್ನುತ್ತಾರೆ.

ಸಾಗರದ ಮೇಷ್ಟ್ರು · ಜನವರಿ 25

ಓದಿದೆ. ಇವತ್ತು ಬೇರೇನೂ ಬರೆಯಲು ಮನಸ್ಸಿಲ್ಲ. ಇಪ್ಪತ್ತೆರಡು ವರ್ಷ ಅಂದರೆ ಎಷ್ಟು ಮಕ್ಕಳು.

ಹಳೇ ಕಡತ · ಜನವರಿ 26

ಮೇಷ್ಟ್ರೇ, ಇದು ನಿಮ್ಮೊಬ್ಬರ ತಪ್ಪಲ್ಲ. ಅಮೆರಿಕದಲ್ಲೇ ಆಗಿದೆ. ಬಲಹೀನರನ್ನು ಬಲಪಡಿಸಲು ಬಲವಂತರನ್ನು ಕುಗ್ಗಿಸಬಾರದು ಎಂಬ ಧಾಟಿಯ ಸಾಲುಗಳು ಲಿಂಕನ್ ಹೆಸರಲ್ಲಿ ಓಡಾಡುತ್ತವೆ. ನಿಜಕ್ಕೂ ಅವು ಬೋಟ್ಕರ್ ಎಂಬ ಪಾದ್ರಿ 20ನೇ ಶತಮಾನದಲ್ಲಿ ಬರೆದವು. 1992ರಲ್ಲಿ ಮಾಜಿ ಅಧ್ಯಕ್ಷ ರೇಗನ್ ತಮ್ಮ ಪಕ್ಷದ ಮಹಾಸಮ್ಮೇಳನದಲ್ಲಿ ಅವನ್ನು ಲಿಂಕನ್ ಮಾತೆಂದೇ ಹೇಳಿದರು. ಸತ್ತ ದೊಡ್ಡವರ ಬಾಯಲ್ಲಿ ನಮಗೆ ಬೇಕಾದ ಮಾತು ಇಡುವುದು ಸುಲಭ, ಅವರು ಎದ್ದು ಬಂದು ಇಲ್ಲ ಎನ್ನುವುದಿಲ್ಲ.

ತುಂಗಾತೀರ ಅವರೇ, ನೀವು ಹೋಗುತ್ತಿರುವ ಔತಣಕ್ಕೆ ಉದ್ದದ ಚರಿತ್ರೆ ಇದೆ. ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಲಿಂಕನ್ ಹತ್ಯೆಯಾದ 1865ರಲ್ಲೇ ಒಂದು ಸಂಘ ಹುಟ್ಟಿತು. ಅದು ಈಗಲೂ ಅವರ ಹುಟ್ಟುಹಬ್ಬದ ಊಟ ಇಡುತ್ತದೆ. ರಿಪಬ್ಲಿಕನ್ ಪಕ್ಷ ಊರೂರಲ್ಲಿ ಲಿಂಕನ್ ಡೇ ಔತಣ ಮಾಡಿ ಚಂದಾ ಎತ್ತುತ್ತದೆ. ಡೆಮೊಕ್ರಾಟರದು ಜೆಫರ್ಸನ್–ಜಾಕ್ಸನ್ ಔತಣ. ಆ ಇಬ್ಬರು ಹಳೆಯ ಅಧ್ಯಕ್ಷರೂ ಗುಲಾಮರನ್ನು ಇಟ್ಟುಕೊಂಡಿದ್ದವರು ಎಂಬ ಕಾರಣಕ್ಕೆ ಇತ್ತೀಚೆಗೆ ಎಷ್ಟೋ ರಾಜ್ಯಗಳಲ್ಲಿ ಆ ಹೆಸರು ಬದಲಾಗಿದೆ.

ಇಂಥ ಊಟದ ಮೇಜಿನಲ್ಲಿ ಆಡಿದ ಮಾತು ಬರೀ ಅಲಂಕಾರವಾಗಿ ಉಳಿದಿಲ್ಲ. ಎರಡು ಉದಾಹರಣೆ ಕೊಡುತ್ತೇನೆ.

1830ರ ಏಪ್ರಿಲ್ 13, ವಾಷಿಂಗ್ಟನ್. ಜೆಫರ್ಸನ್ ತೀರಿಕೊಂಡು ಆಗಲೇ ನಾಲ್ಕು ವರ್ಷ ಆಗುತ್ತ ಬಂದಿತ್ತು. ಅವರ ಹುಟ್ಟುಹಬ್ಬದ ಔತಣ. ಒಕ್ಕೂಟದ ಕಾನೂನು ಬೇಡವೆನಿಸಿದರೆ ರಾಜ್ಯವೊಂದು ಅದನ್ನು ತಳ್ಳಿಹಾಕಬಹುದು ಎನ್ನುತ್ತಿದ್ದ ದಕ್ಷಿಣದವರು, ಜೆಫರ್ಸನ್ ಹೆಸರನ್ನು ತಮ್ಮ ವಾದಕ್ಕೆ ಊರುಗೋಲು ಮಾಡಿಕೊಳ್ಳಲು ಬಂದಿದ್ದರು. ಒಬ್ಬರಾದ ಮೇಲೆ ಒಬ್ಬರು ಬಟ್ಟಲೆತ್ತಿ ಅದೇ ಧಾಟಿಯಲ್ಲಿ ಮಾತಾಡಿದರು. ಅಧ್ಯಕ್ಷ ಜಾಕ್ಸನ್ ಸರದಿ ಬಂತು. ಅವರು ಎದ್ದು ಹೇಳಿದ್ದು ಒಂದೇ ಸಾಲು: ನಮ್ಮ ಒಕ್ಕೂಟ, ಅದು ಉಳಿಯಲೇಬೇಕು. ಮುಂದಿನ ಸರದಿ ಉಪಾಧ್ಯಕ್ಷ ಕ್ಯಾಲ್ಹೂನ್ ಅವರದು. ಒಕ್ಕೂಟ, ನಮ್ಮ ಸ್ವಾತಂತ್ರ್ಯದ ನಂತರ ಅದೇ ಪ್ರಿಯ ಎಂದರು. ಇಬ್ಬರ ನಡುವಿನ ಬಿರುಕು ಆ ಊಟದಲ್ಲಿ ಎಲ್ಲರ ಕಣ್ಣಿಗೂ ಬಿತ್ತು.

ಇನ್ನೊಂದು 1950ರ ಫೆಬ್ರವರಿ 9, ವೆಸ್ಟ್ ವರ್ಜೀನಿಯಾದ ವೀಲಿಂಗ್ ಊರು. ಅಲ್ಲಿನ ಮಹಿಳಾ ಕ್ಲಬ್ಬಿನ ಲಿಂಕನ್ ಡೇ ಔತಣ. ಅಷ್ಟಾಗಿ ಯಾರೂ ಗಮನಿಸದ ಸೆನೆಟರ್ ಜೋಸೆಫ್ ಮೆಕಾರ್ಥಿ ಲಿಂಕನ್ನರ 141ನೇ ಜನ್ಮದಿನ ಎಂದು ಶುರು ಮಾಡಿ, ವಿದೇಶಾಂಗ ಇಲಾಖೆಯಲ್ಲಿರುವ ಕಮ್ಯುನಿಸ್ಟರ ಪಟ್ಟಿ ನನ್ನ ಕೈಯಲ್ಲಿದೆ ಎಂದರು. ಅವತ್ತು 205 ಎಂದು ಪತ್ರಿಕೆ ಬರೆಯಿತು, ಕೆಲವೇ ದಿನಗಳಲ್ಲಿ ಸಂಖ್ಯೆ 57ಕ್ಕೆ ಇಳಿಯಿತು. ಮುಂದಿನ ನಾಲ್ಕು ವರ್ಷ ಎಷ್ಟು ಜನರ ಕೆಲಸ, ಮಾನ ಹೋಯಿತೋ ಲೆಕ್ಕವಿಲ್ಲ. ಯಾರ ಬಗ್ಗೆಯೂ ಹಗೆ ಬೇಡ ಎಂದು 1865ರ ಮಾರ್ಚಿನಲ್ಲಿ ಹೇಳಿದ ಮನುಷ್ಯನ ಹೆಸರಿನ ಊಟದಲ್ಲೇ ಅದು ಆರಂಭವಾಯಿತು.

ಮಲಪ್ರಭಾ ದಂಡಿ · ಜನವರಿ 26

ನೋಡ್ರಿ ಅಕ್ಕಾರ, ನಮ್ಮ ಕಡೆ ಜಯಂತಿ ಅಂದ್ರ ಫೋಟೋಕ್ಕ ಹಾರ, ಊದಿನಕಡ್ಡಿ, ನಾಲ್ಕು ಮಂದಿ ಭಾಷಣ, ಆಮೇಲೆ ಉಪ್ಪಿಟ್ಟು. ಭಾಷಣದಾಗ ಆ ಮನಷ್ಯಾ ಏನ್ ಬರದ, ಏನ್ ಹೇಳ್ದ ಅನ್ನೂದು ಒಂದ್ ಸಾಲೂ ಇರಂಗಿಲ್ಲ.

ನನಗ ಈ ವಿಷಯ ಬಂದಾಗೆಲ್ಲ ನೆನಪಾಗೂದು ಅಂಬೇಡ್ಕರ್. 1943ರ ಜನವರಿ 18ಕ್ಕ ಪುಣೆದಾಗ ಸಮಾಜ ಸುಧಾರಕ ರಾನಡೆ ಅವರ 101ನೇ ಜನ್ಮದಿನ. ಭಾಷಣಕ್ಕ ಕರದಿದ್ರು. ಅವರು ರಾನಡೆ ಅವರನ್ನ ಮನಸಾರೆ ಹೊಗಳಿದ್ರು, ಆದ್ರ ಅದರ ಕೂಡ ದೊಡ್ಡವರು ಅಂದ್ರ ಯಾರು, ಅವರನ್ನ ಅಳಿಯೂದು ಹೆಂಗ, ವೀರಪೂಜೆಯಿಂದ ದೇಶಕ್ಕ ಏನ್ ಹಾನಿ ಅಂತ ಕುಂತವರ ಮುಂದನ ಬಿಚ್ಚಿಟ್ರು. ಮುಂದ 1949ರ ನವೆಂಬರ್ 25ಕ್ಕ ಸಂವಿಧಾನ ಸಭಾದಾಗೂ ಅದನ್ನ ಹೇಳಿದ್ರು: ಧರ್ಮದಾಗ ಭಕ್ತಿ ಆತ್ಮದ ಮೋಕ್ಷಕ್ಕ ದಾರಿ ಆಗಬಹುದು, ರಾಜಕಾರಣದಾಗ ಭಕ್ತಿ ಅಂದ್ರ ಅವನತಿಗೆ, ಕಡೀಕ ಸರ್ವಾಧಿಕಾರಕ್ಕ ದಾರಿ. ನೀವು ಲಿಂಕನ್ ಬಗ್ಗೆ ಮಾತಾಡೂ ಮುಂದ ಆ ರಾನಡೆ ಭಾಷಣ ಒಮ್ಮೆ ಓದ್ರಿ. ಪ್ರೀತಿನೂ ಐತಿ, ತಕ್ಕಡಿನೂ ಐತಿ.

ಜೋಳದ ಬಯಲು · ಜನವರಿ 27

ತುಂಗಾತೀರ ಅವರೇ, ನಿಮ್ಮ ಪಕ್ಕದ ಊರಿನದೇ ಒಂದು ಔತಣದ ಕಥೆ ಹೇಳಬೇಕು. ನಾನು ಇದನ್ನು ಮೊದಲು ಓದಿದ ದಿನ ನಿದ್ದೆ ಬರಲಿಲ್ಲ.

1908ರ ಆಗಸ್ಟ್ 14. ಸ್ಪ್ರಿಂಗ್‌ಫೀಲ್ಡಿನಲ್ಲಿ ಬಿಳಿಯ ಹೆಂಗಸೊಬ್ಬಳು ಕಪ್ಪು ಮನುಷ್ಯನೊಬ್ಬ ತನ್ನ ಮೇಲೆರಗಿದ ಎಂದು ದೂರು ಕೊಟ್ಟಿದ್ದಳು. ದೂರು ಸುಳ್ಳೆಂದು ಆಮೇಲೆ ಅವಳೇ ಒಪ್ಪಿಕೊಂಡಳು. ಜೈಲಿನ ಮುಂದೆ ಗುಂಪು ಸೇರಿತು. ಕೈದಿಗಳನ್ನು ಊರಾಚೆ ಸಾಗಿಸಿಬಿಟ್ಟಿದ್ದಾರೆ ಎಂದು ಗೊತ್ತಾದಾಗ ಗುಂಪು ಕಪ್ಪು ಜನರ ಅಂಗಡಿ, ಮನೆಗಳ ಮೇಲೆ ತಿರುಗಿತು. ಕೇರಿಗೆ ಬೆಂಕಿ ಬಿತ್ತು. ಸ್ಕಾಟ್ ಬರ್ಟನ್ ಎಂಬ ಕ್ಷೌರಿಕರನ್ನು ಕೊಂದು ಮರಕ್ಕೆ ನೇತುಹಾಕಿದರು. ಮರುದಿನ ರಾತ್ರಿ ವಿಲಿಯಂ ಡಾನೆಗನ್ ಎಂಬ ಮುದುಕರನ್ನು ಮನೆಯಿಂದ ಎಳೆದು ತಂದರು. ವೃತ್ತಿಯಿಂದ ಚಮ್ಮಾರರು. ಲಿಂಕನ್ನರಿಗೆ ಶೂ ಮಾಡಿಕೊಟ್ಟವರು ಎಂದು ಊರವರು ಹೇಳುತ್ತಿದ್ದ ಮನುಷ್ಯ. ಅವರ ಅಪರಾಧ, ಮೂವತ್ತು ವರ್ಷಕ್ಕೂ ಹಿಂದೆ ಬಿಳಿಯ ಹೆಂಗಸನ್ನು ಮದುವೆಯಾಗಿದ್ದು. ಕತ್ತು ಕೊಯ್ದು ನೇತುಹಾಕಿದರು. ಗಲಭೆ ನಿಲ್ಲಿಸಲು ಸಾವಿರಾರು ಸೈನಿಕರು ಬರಬೇಕಾಯಿತು. ಲಿಂಕನ್ ನಿಮ್ಮನ್ನು ಬಿಡಿಸಿದ, ನಿಮ್ಮ ಜಾಗ ಯಾವುದೆಂದು ನಾವು ತೋರಿಸುತ್ತೇವೆ ಎಂದು ಗುಂಪು ಕೂಗಿತೆಂದು ಆಗ ಊರಿಗೆ ಬಂದ ಪತ್ರಕರ್ತ ವಾಲಿಂಗ್ ಬರೆದರು.

ಇದಾಗಿ ಆರು ತಿಂಗಳಿಗೆ 1909ರ ಫೆಬ್ರವರಿ 12, ಲಿಂಕನ್ ಜನ್ಮಶತಮಾನೋತ್ಸವ. ಅದೇ ಊರಲ್ಲಿ ಭಾರೀ ಔತಣ. ಬ್ರಿಟನ್ ರಾಯಭಾರಿ ಜೇಮ್ಸ್ ಬ್ರೈಸ್, ಫ್ರಾನ್ಸ್ ರಾಯಭಾರಿ ಜುಸ್ರಾಂ, ದೊಡ್ಡ ವಾಗ್ಮಿ ವಿಲಿಯಂ ಜೆನಿಂಗ್ಸ್ ಬ್ರಯಾನ್ ಭಾಷಣಕಾರರು. ಒಂದು ಎಲೆಗೆ 25 ಡಾಲರ್, ಆ ಕಾಲದಲ್ಲಿ ಎಷ್ಟೋ ಕೂಲಿಕಾರರ ಎರಡು ವಾರದ ದುಡಿಮೆ. ಕಪ್ಪು ಜನರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಅವರು ತಮ್ಮ ಚರ್ಚಿನಲ್ಲಿ ಬೇರೆಯೇ ಔತಣ ಮಾಡಿಕೊಂಡರು. ಲಿಂಕನ್ ಯಾರ ಬೇಡಿ ಕಳಚಿದರೆಂದು ಒಳಗೆ ಹೊಗಳುತ್ತಿದ್ದರೋ ಅವರ ಮಕ್ಕಳು, ಮೊಮ್ಮಕ್ಕಳು ಹೊರಗೆ.

ಅದೇ ದಿನ ನ್ಯೂಯಾರ್ಕಿನಿಂದ ಒಂದು ಕರೆ ಹೊರಟಿತು. ಲಿಂಕನ್ ಇವತ್ತು ಈ ದೇಶಕ್ಕೆ ಮರಳಿ ಬಂದರೆ ಏನು ಕಂಡಾರು ಎಂದು ಕೇಳಿದ ಕರೆ ಅದು. ಅದರಿಂದಲೇ ಕಪ್ಪು ಜನರ ಹಕ್ಕುಗಳಿಗಾಗಿ ಮುಂದೆ ನೂರು ವರ್ಷ ನ್ಯಾಯಾಲಯಗಳಲ್ಲಿ ಹೋರಾಡಿದ ಎನ್‌ಎಎಸಿಪಿ ಸಂಸ್ಥೆ ಹುಟ್ಟಿತು. ನನಗಂತೂ ಆ ವರ್ಷದ ನಿಜವಾದ ಲಿಂಕನ್ ಭಾಷಣ ಆ ಕರೆಯೇ.

1922ರಲ್ಲಿ ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕ ಉದ್ಘಾಟನೆಯಲ್ಲೂ ಕಪ್ಪು ಪ್ರೇಕ್ಷಕರನ್ನು ಬೇರೆ ಕೂರಿಸಿದರು. ಅಲ್ಲಿ ಮಾತಾಡಲು ಕರೆದಿದ್ದ ಕಪ್ಪು ಶಿಕ್ಷಣತಜ್ಞ ರಾಬರ್ಟ್ ಮೋಟನ್ ಅವರ ಭಾಷಣದ ಖಾರದ ಭಾಗಗಳನ್ನು ಮೊದಲೇ ತೆಗೆಸಿದರು.

ತುಂಗಾತೀರ · ಜನವರಿ 28

ನಿನ್ನೆ ರಾತ್ರಿ ಇದನ್ನು ಓದಿ ಸುಮ್ಮನೆ ಕೂತಿದ್ದೆ. ನಮ್ಮಲ್ಲಿ ಇದಕ್ಕೆ ಹೆಸರಿದೆ. ಪಂಕ್ತಿಭೇದ.

ನನಗೆ ಒಂಬತ್ತು ವರ್ಷ ಇರಬೇಕು. ಅಪ್ಪನ ಜೊತೆ ಒಂದು ಕಡೆ ದೊಡ್ಡ ಸಮಾರಂಭದ ಊಟಕ್ಕೆ ಹೋಗಿದ್ದೆ. ಎಲ್ಲಿ ಎಂದು ಬರೆಯುವುದಿಲ್ಲ. ಒಳಗೆ ಸಾಲಾಗಿ ಬಾಳೆಲೆ ಹಾಕಿದ್ದರು. ನಾನು ಓಡಿ ಹೋಗಿ ಒಂದು ಎಲೆಯ ಮುಂದೆ ಕೂತೆ. ಯಾರೋ ಬಂದು ತೋಳು ಹಿಡಿದು ಎಬ್ಬಿಸಿದರು. ನಮಗೆ ಎಲೆ ಹಿಂದಿನ ಜಗಲಿಯಲ್ಲಿ. ಬಡಿಸಿದ್ದು ಅದೇ ಸಾರು, ಅದೇ ಪಾಯಸ. ಅಪ್ಪ ಒಂದು ಮಾತೂ ಆಡದೆ ಉಂಡು ಎದ್ದರು, ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಅವತ್ತು ಆ ಮನೆಯ ಚಪ್ಪರದಲ್ಲಿ ಭಾಷಣ ಮಾಡಿದವರು ಸಮಾನತೆಯ ಬಗ್ಗೆಯೇ ಮಾತಾಡಿದ್ದರು. ದೊಡ್ಡವಳಾದ ಮೇಲೆ ನನಗದು ನೆನಪಾಗುವುದು ಹಾಗೆ.

ಡಾನೆಗನ್ ಅವರ ಹೆಸರು ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ನಾನು ಲಿಂಕನ್ ಮನೆ ನೋಡಲು ಐದಾರು ಸಲ ಹೋಗಿದ್ದೇನೆ. ಓಕ್ ರಿಡ್ಜ್ ಸ್ಮಶಾನದಲ್ಲಿ ಅವರ ಸಮಾಧಿಯ ಮುಂದೆ ಕಂಚಿನ ತಲೆಯ ಮೂಗನ್ನು ಎಲ್ಲರೂ ಮುಟ್ಟಿ ಮುಟ್ಟಿ ಅದು ಚಿನ್ನದ ಹಾಗೆ ಹೊಳೆಯುತ್ತದೆ. ನಾನೂ ಮುಟ್ಟಿದ್ದೇನೆ, ಮಗಳನ್ನೂ ಎತ್ತಿ ಮುಟ್ಟಿಸಿದ್ದೇನೆ.

ನಾನು ಈ 1909ರ ಎಲೆಯ ಬಗ್ಗೆಯೇ ಮಾತಾಡುತ್ತೇನೆ.

ಕಡಲ ಕರೆ · ಜನವರಿ 28

ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಒಂದು ಮಾತು. ನೀವು ಅಲ್ಲಿ ಅತಿಥಿ. ಅವರು ಪ್ರೀತಿಯಿಂದ ಕರೆದು ಊಟ ಹಾಕಿ ಮಾತಾಡಿ ಎಂದಾಗ, ಅವರೂರಿನ ನೂರು ವರ್ಷದ ಹಿಂದಿನ ಗಾಯವನ್ನು ಕೆರೆಯುವುದು ಸರಿಯೇ? ಅಲ್ಲಿ ಕೂತವರಾರೂ ಆ ಗಲಭೆ ಮಾಡಿದವರಲ್ಲ. ಸಂತೋಷದ ಊಟದಲ್ಲಿ ಶೋಕ ತಂದರೆ ಮುಂದಿನ ವರ್ಷ ಹೊರಗಿನವರನ್ನು ಕರೆಯುವುದನ್ನೇ ಬಿಟ್ಟಾರು.

ಇನ್ನೊಂದು. ನೀವೆಲ್ಲ ಹೇಳುವುದನ್ನು ಕೇಳಿದರೆ ಲಿಂಕನ್ ಎಲ್ಲಿ ಹೋದರು? ಗಲಭೆಯ ಕಥೆ ಹೇಳಿ ಕೂತರೆ ಅದು ಊರಿನ ಭಾಷಣವಾಗುತ್ತದೆ, ಅವರ ಭಾಷಣ ಆಗುವುದಿಲ್ಲ. ಮನುಷ್ಯನ ಗುಣ ನೆನೆಯುವುದಕ್ಕೂ ವರ್ಷದಲ್ಲಿ ಒಂದು ದಿನ ಬೇಕು. ನಮ್ಮಲ್ಲಿ ಶ್ರಾದ್ಧದ ದಿನ ಸತ್ತವರ ತಪ್ಪು ಎಣಿಸುತ್ತೇವೆಯೇ?

ಹಳೇ ಕಡತ · ಜನವರಿ 29

ಕಡಲ ಕರೆ ಎತ್ತಿದ ಎರಡನೇ ಪ್ರಶ್ನೆ ಗಟ್ಟಿಯಾದದ್ದು. ಅದಕ್ಕೆ ಉತ್ತರವಾಗಿ ನಾನು ಕೊಡುವುದು ಫ್ರೆಡರಿಕ್ ಡಗ್ಲಾಸ್.

1876ರ ಏಪ್ರಿಲ್ 14, ಲಿಂಕನ್ನರಿಗೆ ಗುಂಡೇಟು ಬಿದ್ದು ಸರಿಯಾಗಿ ಹನ್ನೊಂದು ವರ್ಷ. ಬಿಡುಗಡೆಯಾದ ಗುಲಾಮರು ಚಿಲ್ಲರೆ ಚಿಲ್ಲರೆ ಕೂಡಿಸಿ ವಾಷಿಂಗ್ಟನ್ನಿನಲ್ಲಿ ಲಿಂಕನ್ ಪ್ರತಿಮೆ ನಿಲ್ಲಿಸಿದ್ದರು. ಮೊದಲ ಐದು ಡಾಲರ್ ಕೊಟ್ಟದ್ದು ಷಾರ್ಲೆಟ್ ಸ್ಕಾಟ್ ಎಂಬ ಹೆಂಗಸು. ಭಾಷಣಕ್ಕೆ ಡಗ್ಲಾಸ್, ಸ್ವತಃ ಗುಲಾಮಗಿರಿಯಿಂದ ಓಡಿಬಂದವರು. ಅಧ್ಯಕ್ಷ ಗ್ರ್ಯಾಂಟ್ ಎದುರಿಗೆ ಕೂತಿದ್ದಾರೆ. ಅಲ್ಲಿ ನಿಂತು ಡಗ್ಲಾಸ್ ಹೇಳಿದರು: ಲಿಂಕನ್ ಮೊದಲು ಮತ್ತು ಮುಖ್ಯವಾಗಿ ಬಿಳಿಯರ ಅಧ್ಯಕ್ಷರಾಗಿದ್ದರು. ಬಿಳಿಯ ಬಾಂಧವರೇ, ನೀವು ಅವರ ಮಕ್ಕಳು, ನಾವು ಹೆಚ್ಚೆಂದರೆ ಮಲಮಕ್ಕಳು. ಹೀಗೆ ಹೇಳಿ ಅಲ್ಲಿಗೇ ಬಿಡಲಿಲ್ಲ. ಗುಲಾಮಗಿರಿ ತೊಲಗಬೇಕು ಎನ್ನುವವರ ನೆಲದಿಂದ ನೋಡಿದರೆ ಅವರು ನಿಧಾನ, ತಣ್ಣಗಿನ ಮನುಷ್ಯ ಅನಿಸಿದ್ದರು, ಆದರೆ ತಮ್ಮ ದೇಶದ ಜನರ ಭಾವನೆಯ ಅಳತೆಯಲ್ಲಿ ನೋಡಿದರೆ ಚುರುಕು, ಹುರುಪು, ದೃಢತೆ ಎಲ್ಲ ಇದ್ದವರು ಎಂದರು. ಒಂದೇ ಉಸಿರಿನಲ್ಲಿ ಎರಡೂ. ಅದು ಹೊಗಳಿಕೆಯೇ, ಆದರೆ ಹೊಗಳುಭಟ್ಟರ ಹೊಗಳಿಕೆ ಅಲ್ಲ.

ಲಿಂಕನ್ನರೂ ಒಂದೇ ಜಾಗದಲ್ಲಿ ನಿಂತವರಲ್ಲ. 1858ರ ಸೆಪ್ಟೆಂಬರ್ 18ರಂದು ನಿಮ್ಮ ರಾಜ್ಯದ್ದೇ ಚಾರ್ಲ್ಸ್‌ಟನ್ನಿನಲ್ಲಿ, ಬಿಳಿಯರಿಗೂ ಕಪ್ಪು ಜನರಿಗೂ ಸಾಮಾಜಿಕ, ರಾಜಕೀಯ ಸಮಾನತೆ ತರಬೇಕೆಂದು ನಾನು ಯಾವತ್ತೂ ಹೇಳಿಲ್ಲ ಎಂದರು. 1865ರ ಏಪ್ರಿಲ್ 11ರಂದು ಶ್ವೇತಭವನದ ಕಿಟಕಿಯಿಂದ, ಕಪ್ಪು ಸೈನಿಕರಿಗೂ ಕಪ್ಪು ಜನರಲ್ಲಿ ತುಂಬ ಬುದ್ಧಿವಂತರಾದವರಿಗೂ ಮತದಾನದ ಹಕ್ಕು ಸಿಕ್ಕರೆ ನನಗಿಷ್ಟ ಎಂದರು. ಆ ಗುಂಪಿನಲ್ಲಿ ಜಾನ್ ವಿಲ್ಕ್ಸ್ ಬೂತ್ ನಿಂತಿದ್ದ. ಮೂರನೇ ದಿನ ಅವನೇ ಗುಂಡು ಹಾರಿಸಿದ. ಆರೂವರೆ ವರ್ಷದಲ್ಲಿ ಒಬ್ಬ ಮನುಷ್ಯ ಅಲ್ಲಿಂದ ಇಲ್ಲಿಗೆ ನಡೆದು ಬಂದದ್ದೇ ನನಗೆ ಅವರ ದೊಡ್ಡಸ್ತಿಕೆ. ಚಾರ್ಲ್ಸ್‌ಟನ್ನಿನ ಮಾತು ಮುಚ್ಚಿಟ್ಟರೆ ಆ ನಡಿಗೆಯೇ ಕಾಣುವುದಿಲ್ಲ.

ಮಲಪ್ರಭಾ ದಂಡಿ · ಜನವರಿ 29

ಖರೇ ಮಾತು. ಆದ್ರ ಐದು ನಿಮಿಷದಾಗ ಇಷ್ಟೆಲ್ಲ ಹೆಂಗ ಹಿಡಸ್ತೀರಿ? ಗೆಟಿಸ್‌ಬರ್ಗ್‌ದಾಗ ಸೈನಿಕರ ಸ್ಮಶಾನದ ಸಮಾರಂಭ ನೆನಪಿಡ್ರಿ. 1863ರ ನವೆಂಬರ್ 19ಕ್ಕ ಎವರೆಟ್ ಸಾಹೇಬ್ರು ಎರಡು ತಾಸು ಮಾತಾಡಿದ್ರು, ಲಿಂಕನ್ ಸುಮಾರು 270 ಶಬ್ದ, ಎರಡು ನಿಮಿಷ. ನಾನು ಎರಡು ತಾಸಿನ್ಯಾಗ ಮುಟ್ಟಿದ್ದು ನೀವು ಎರಡು ನಿಮಿಷದಾಗ ಮುಟ್ಟಿದ್ದಕ್ಕ ಹತ್ರ ಬಂದಿದ್ರ ನನಗ ಸಂತೋಷ ಅಂತ ಮರುದಿನ ಎವರೆಟ್ ಲಿಂಕನ್ನರಿಗೆ ಕಾಗದ ಬರದ್ರು. ನೀವು ಮೂರು ಸಂಗತಿ ಹಿಡೀರಿ, ಉಳದದ್ದು ಬಿಡ್ರಿ.

ಜೋಳದ ಬಯಲು · ಜನವರಿ 30

ಕಡಲ ಕರೆ ಅವರ ಮೊದಲ ಪ್ರಶ್ನೆಗೆ ಲಿಂಕನ್ನರೇ ಒಂದು ದಾರಿ ತೋರಿಸಿದ್ದಾರೆ. 1842ರ ಫೆಬ್ರವರಿ 22, ವಾಷಿಂಗ್ಟನ್ ಜನ್ಮದಿನ. ಸ್ಪ್ರಿಂಗ್‌ಫೀಲ್ಡಿನ ಚರ್ಚೊಂದರಲ್ಲಿ ಪಾನನಿರೋಧದ ಸಂಘದವರು 33 ವರ್ಷದ ಲಿಂಕನ್ನರನ್ನು ಭಾಷಣಕ್ಕೆ ಕರೆದರು. ದೇಶದ ಪಿತಾಮಹನ ದಿನ ಅವರು ಮಾತಾಡಿದ್ದೆಲ್ಲ ಊರಿನ ಕುಡುಕರ ಬಗ್ಗೆ, ಅವರನ್ನು ಬೈದು ದೂರವಿಟ್ಟ ಸಭ್ಯರ ಬಗ್ಗೆ. ಆ ಚಟ ನಮಗೆ ಹತ್ತದಿದ್ದರೆ ಅದು ಹಂಬಲ ಇಲ್ಲದ್ದರಿಂದ, ನಾವು ಅವರಿಗಿಂತ ಮೇಲಾದವರು ಎಂಬ ಕಾರಣಕ್ಕಲ್ಲ ಎಂದರು. ಕೂತಿದ್ದ ಕೆಲವು ಭಕ್ತರಿಗೆ ಸಿಟ್ಟು ಬಂತು. ವಾಷಿಂಗ್ಟನ್ ಬಂದದ್ದು ಕಟ್ಟಕಡೆಗೆ, ನಾಲ್ಕೇ ಸಾಲು. ಸೂರ್ಯನಿಗೆ ಬೆಳಕು ಸೇರಿಸಲೂ ವಾಷಿಂಗ್ಟನ್ ಹೆಸರಿಗೆ ಕೀರ್ತಿ ಸೇರಿಸಲೂ ಆಗುವುದಿಲ್ಲ, ಯಾರೂ ಯತ್ನಿಸಬೇಡಿ, ಹೆಸರು ಹೇಳಿ ಅದನ್ನು ಹೊಳೆಯಲು ಬಿಡಿ ಎಂದು ಮುಗಿಸಿದರು.

ಅತಿಥಿಯಾಗಿ ಹೋಗಿ ಊರಿನ ಗಾಯ ಮುಟ್ಟುವುದು ಅವಮಾನ ಅಲ್ಲ. ಈಗ ಸರ್ಕಾರವೇ ಆ ಗಲಭೆಯ ಜಾಗವನ್ನು 2024ರ ಆಗಸ್ಟಿನಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದೆ.

ತುಂಗಾತೀರ · ಫೆಬ್ರವರಿ 6

ಕರಡು ಮಾಡಿದ್ದೇನೆ. ಇಂಗ್ಲಿಷಿನಲ್ಲಿ ಹೇಳುತ್ತೇನೆ, ಮೊದಲು ಕನ್ನಡದಲ್ಲೇ ಬರೆದುಕೊಂಡೆ. ಇಲ್ಲವಾದರೆ ನನ್ನ ದನಿ ಬರುವುದಿಲ್ಲ.

"ನಾನು ಬೆಳೆದ ಊರಲ್ಲಿ ಊಟಕ್ಕೆ ನೆಲದ ಮೇಲೆ ಸಾಲಾಗಿ ಬಾಳೆಲೆ ಹಾಕುತ್ತಾರೆ. ಆ ಸಾಲಿಗೆ ಪಂಕ್ತಿ ಎನ್ನುತ್ತೇವೆ. ಯಾರು ಯಾವ ಪಂಕ್ತಿಯಲ್ಲಿ ಕೂರಬಹುದು ಎಂಬುದು ಹುಟ್ಟಿದಾಗಲೇ ನಿಶ್ಚಯವಾಗಿರುತ್ತಿತ್ತು. ಒಂಬತ್ತನೇ ವಯಸ್ಸಿನಲ್ಲಿ ನನ್ನನ್ನು ಒಂದು ಎಲೆಯ ಮುಂದಿನಿಂದ ಎಬ್ಬಿಸಿದ್ದರು. 1909ರ ಈ ದಿನ, ಇಲ್ಲಿಂದ ಮುಕ್ಕಾಲು ಗಂಟೆ ದೂರದಲ್ಲಿ, ಲಿಂಕನ್ ಹೆಸರಿನ ಔತಣದಲ್ಲಿ ಕಪ್ಪು ನೆರೆಹೊರೆಯವರಿಗೆ ಜಾಗ ಇರಲಿಲ್ಲ. ಅದಕ್ಕೆ ಆರು ತಿಂಗಳ ಹಿಂದೆ ವಿಲಿಯಂ ಡಾನೆಗನ್ ಅವರನ್ನು ಕೊಂದಿದ್ದರು. ಈ ಊರಿಗೆ ಲಿಂಕನ್ನರು ಯಾರೆಂದು ಗೊತ್ತಿತ್ತು, ಅವರ ಶೂ ಹೊಲಿದವರೆನ್ನುವ ಮನುಷ್ಯ ಯಾರೆಂದು ನೆನಪಿರಲಿಲ್ಲ. ಲಿಂಕನ್ನರೇ ಇದೆಲ್ಲವನ್ನೂ ಒಂದೇ ದಿನದಲ್ಲಿ ಅರಿತವರಲ್ಲ. ಚಾರ್ಲ್ಸ್‌ಟನ್ನಿನಲ್ಲಿ ಸಮಾನತೆ ಬೇಡವೆಂದವರು, ಕೊನೆಯ ಭಾಷಣದಲ್ಲಿ ಕಪ್ಪು ಸೈನಿಕರಿಗೆ ಮತದ ಹಕ್ಕು ಕೇಳಿದರು. ಅವರು ನಡೆದರು. ನಾನು ಅವರನ್ನು ಪ್ರೀತಿಸುವುದು ಆ ನಡಿಗೆಗಾಗಿ. ಇವತ್ತು ಈ ಮೇಜಿನಲ್ಲಿ ನನಗೆ ಎಲೆ ಹಾಕಿದ್ದೀರಿ. ಇಲ್ಲಿ ಇನ್ನೂ ಯಾರ ಎಲೆ ಇಲ್ಲ ಎಂದು ಸುತ್ತ ನೋಡಲು ಕೇಳಿಕೊಳ್ಳುತ್ತೇನೆ."

ಕಡಲ ಕರೆ · ಫೆಬ್ರವರಿ 6

ನಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇದರಲ್ಲಿ ಲಿಂಕನ್ ಇದ್ದಾರೆ. "ಈ ಊರಿಗೆ" ಎನ್ನುವುದನ್ನು ಮಾತ್ರ "ನಮ್ಮೂರುಗಳಿಗೆ" ಎಂದು ಮಾಡಿ. ನೀವೂ ಅಲ್ಲಿಯವರೇ ಈಗ.

ಹಳೇ ಕಡತ · ಫೆಬ್ರವರಿ 7

ಸ್ಕಾಟ್ ಬರ್ಟನ್ ಹೆಸರೂ ಹೇಳಿ. ಶೂ ಹೊಲಿದ ಕಥೆ ಇಲ್ಲದವರೂ ನೆನಪಿಗೆ ಅರ್ಹರು.

ತುಂಗಾತೀರ · ಫೆಬ್ರವರಿ 13

ಮುಗಿಯಿತು. ಇಬ್ಬರ ಹೆಸರೂ ಹೇಳಿದೆ. ಕೈ ನಡುಗುತ್ತಿತ್ತು, ಹಾಳೆ ಮೇಜಿನ ಮೇಲಿಟ್ಟು ಓದಿದೆ. ಮುಗಿದಾಗ ಸ್ವಲ್ಪ ಹೊತ್ತು ಚಪ್ಪಾಳೆ ಬರಲಿಲ್ಲ. ಆಮೇಲೆ ಬಂತು, ಎಲ್ಲರೂ ಎದ್ದು ನಿಲ್ಲಲಿಲ್ಲ. ಸಂಘದ ಹಿರಿಯರೊಬ್ಬರು ಕೈಕುಲುಕಿ, ನನಗಿದು ಗೊತ್ತಿತ್ತು, ಈ ಊಟದಲ್ಲಿ ಹೇಳಬಹುದು ಅಂತ ಗೊತ್ತಿರಲಿಲ್ಲ ಎಂದರು. ಇನ್ನೊಬ್ಬರಿಗೆ ಹಿಡಿಸಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ನನ್ನ ಮೇಜಿನಲ್ಲಿದ್ದ ವಯಸ್ಸಾದ ಕಪ್ಪು ಹೆಂಗಸು ಪಂಕ್ತಿ ಎಂಬ ಪದವನ್ನು ಮೂರು ಸಲ ಹೇಳಿಸಿಕೊಂಡು, ಕರವಸ್ತ್ರದ ಕಾಗದದ ಮೇಲೆ ಅಕ್ಷರ ಬರೆಸಿಕೊಂಡರು. ಇಂಗ್ಲಿಷಿನಲ್ಲಿ ಬರೆದು ಕೊಟ್ಟೆ. ಕನ್ನಡದಲ್ಲೂ ಬರೆದುಕೊಡು ಎಂದರು. ಬರೆದೆ.

ಸಾಗರದ ಮೇಷ್ಟ್ರು · ಫೆಬ್ರವರಿ 15

ತಾಯಿ, ಓದಿ ಸಂತೋಷವಾಯಿತು. ಇಷ್ಟು ದಿನ ನಾನು ಸುಮ್ಮನಿದ್ದೆ, ಕೆಲಸ ಮಾಡುತ್ತಿದ್ದೆ. ಗೋಡೆಯ ಚೌಕಟ್ಟು ಇಳಿಸಿದ್ದೇನೆ. ಮಕ್ಕಳಿಗೆ ಇದು ಲಿಂಕನ್ನರದಲ್ಲವಂತೆ, ನಾನು ತಪ್ಪು ಹೇಳಿದ್ದೆ ಎಂದೆ. ಒಬ್ಬ ಹುಡುಗ, ಹಾಗಾದರೆ ಅದರಲ್ಲಿ ಬರೆದದ್ದು ಸುಳ್ಳಾ ಸಾರ್ ಅಂತ ಕೇಳಿದ. ಇಲ್ಲ, ಸಹಿ ಮಾತ್ರ ಸುಳ್ಳು ಎಂದೆ.

ಅದೇ ಚೌಕಟ್ಟಿಗೆ ಲೇಥಮ್ ಪತ್ರ ಹಾಕುತ್ತಿದ್ದೇನೆ. ಕನ್ನಡ ಮಾಡಿದ್ದೇನೆ, ಒಂದು ಕಡೆ ತೊಡಕಿದೆ. ಈ ಸೋಲು ಸ್ವಲ್ಪ ಕಾಲದ್ದು ಎನ್ನುವ ಜಾಗದಲ್ಲಿ "ತಾತ್ಕಾಲಿಕ ಸೋಲು" ಎಂದು ಬರೆದರೆ ಸರ್ಕಾರಿ ಸುತ್ತೋಲೆಯ ಹಾಗೆ ಕಾಣುತ್ತದೆ. ಏನು ಮಾಡಲಿ?

ಜೋಳದ ಬಯಲು · ಫೆಬ್ರವರಿ 15

"ಸದ್ಯದ ಸೋಲು" ಆದೀತೇ?

ಮಲಪ್ರಭಾ ದಂಡಿ · ಫೆಬ್ರವರಿ 15

ಫೇಲಾದ ಹುಡುಗಗ ಮನ್ಯಾಗ ಏನಂತೀವಿ ಮೇಷ್ಟ್ರ? ಈ ಸಲ ಆಗ್ಲಿಲ್ಲ ಅಂತೀವಿ. "ಈ ಸಲದ ಸೋಲು" ಅಂತ ಬರೀರಿ.

ಸಾಗರದ ಮೇಷ್ಟ್ರು · ಫೆಬ್ರವರಿ 16

"ಈ ಸಲದ ಸೋಲು" ಅಂತಲೇ ಬರೆಸಿದೆ. ಅಕ್ಷರ ಚೆನ್ನಾಗಿರುವ ಎಂಟನೇ ತರಗತಿಯ ಹುಡುಗಿ ಬರೆದಳು. ಕೆಳಗೆ 1860, ಜುಲೈ 22 ಎಂದು ದಿನಾಂಕವನ್ನೂ ಹಾಕಿದ್ದಾಳೆ.